ರೊಟ್ಟಿ ಒಲೆಯ ಕಟ್ಟಿಗೆ ಗಾಡಿ

ನಾನು ಕಟ್ಟಿಗೆ ಒಟ್ಟಲು ಮಾಡಿದ ಒಂದು ಹಲಗೆಯ ಗೂಡು. ಕೆಳಗೆ ನಾಲ್ಕು ಗಾಲಿ ಇರುವುದರಿಂದ ಓಣಿಯವರು ಗಾಡಿ ಅನ್ನುತ್ತಾರೆ. ಅನ್ನಲಿ. ನನ್ನನ್ನು ಮಾಡಿದವನು ಬಡಗಿಯಲ್ಲ. ನನ್ನ ಮೈ ನೋಡಿದರೆ ಯಾರಿಗಾದರೂ ಅದು ಗೊತ್ತಾಗುತ್ತದೆ.

ಹುಬ್ಬಳ್ಳಿಯ ಹೊರಗೆ ಒಂದು ಪಂಪಿನ ಕಾರ್ಖಾನೆ. ಅಲ್ಲಿ ಪೆಟ್ಟಿಗೆಗಳನ್ನು ಕೂರಿಸಿ ಎತ್ತಲು ಹಲಗೆಯ ಪ್ಯಾಲೆಟ್ ಇರುತ್ತವೆ. ನಾನು ಮೊದಲು ಅಂಥ ಮೂರು ಪ್ಯಾಲೆಟ್ ಆಗಿದ್ದೆ. ಭಾರ ಹೊರುವವರೆಗೆ ನಾವು ಬೇಕು. ಒಂದು ಹಲಗೆ ಸೀಳಿದರೆ ಗೋಡೆಯಾಚೆ ಬಿಸಾಕುತ್ತಾರೆ. ಹಾಗೆ ಬಿದ್ದಿದ್ದ ನನ್ನನ್ನು ಅಲ್ಲಿಯ ಹಮಾಲ ಫಕೀರಪ್ಪ ಕೇಳಿ ಪಡೆದು ಟಂಟಂ ಆಟೋದಲ್ಲಿ ಹೇರಿಕೊಂಡು ಬಂದ. ಒಂದನ್ನು ತಳಕ್ಕೆ ಹಾಕಿ, ಎರಡನ್ನು ಅಕ್ಕಪಕ್ಕ ನಿಲ್ಲಿಸಿ ಮೊಳೆ ಹೊಡೆದ. ಮೊಳೆ ಸೊಟ್ಟಾದಾಗ ಮೊಳೆಗೆ ಬೈದ, ಸುತ್ತಿಗೆಗೆ ಬೈದ, ನನಗೂ ಬೈದ. ತನ್ನ ಕೈಗೆ ಮಾತ್ರ ಬೈಯಲಿಲ್ಲ.

ಇಷ್ಟೆಲ್ಲ ಮಾಡಿದ್ದು ಅವನ ಅಕ್ಕ ಕಾಶವ್ವನಿಗಾಗಿ. ಕಾಶವ್ವ ಮತ್ತು ಪಕ್ಕದ ಮನೆಯ ಮಾಬೂಬಿ ಕಟ್ಟಿಗೆ ಒಲೆಯ ಮೇಲೆ ಜೋಳದ ರೊಟ್ಟಿ ಮಾಡಿ ಈರಬಸಪ್ಪನ ಖಾನಾವಳಿಗೆ ಕೊಡುತ್ತಿದ್ದರು. ಕಟ್ಟಿಗೆ ಓಣಿಯ ಆಚೆ ತುದಿಯ ಖಾಲಿ ಜಾಗದಲ್ಲಿ ಇರುತ್ತಿತ್ತು. ಆ ವರ್ಷದ ಮಳೆಗಾಲದಲ್ಲಿ ತಲೆಹೊರೆ ಸಮೇತ ಜಾರಿ ಬಿದ್ದು ಕಾಶವ್ವನ ಮೊಣಕಾಲು ಕೆಟ್ಟಿತು. ಕುಳಿತರೆ ರೊಟ್ಟಿ ಬಡಿಯಬಲ್ಲಳು, ಕಟ್ಟಿಗೆ ಹೊರಲಾರಳು. ಕಟ್ಟಿಗೆ ಬರದಿದ್ದರೆ ಒಲೆ ಇಲ್ಲ, ಒಲೆ ಇಲ್ಲದಿದ್ದರೆ ಖಾನಾವಳಿಯ ಕೆಲಸ ಇಲ್ಲ. ಆ ಒಲೆಯ ಮುಂದಿನ ಜಾಗ ಬಿಟ್ಟರೆ ಕಾಶವ್ವನಿಗೆ ತನ್ನದು ಅನ್ನುವಂಥದ್ದು ಬೇರೇನೂ ಇರಲಿಲ್ಲ.

ನಡುವೆ ಗಟಾರ ಇದ್ದದ್ದರಿಂದ ಗಾಲಿ ನಡೆಯುವುದಿಲ್ಲ ಅಂತ ಫಕೀರಪ್ಪ ಮೊದಲು ನನಗೆ ಎರಡು ಉದ್ದನೆಯ ಬಿದಿರು ಕಟ್ಟಿದ. ಒಮ್ಮೆ ಹೊತ್ತು ತಂದರೆ ವಾರಕ್ಕೆ ಸಾಲುವಷ್ಟು ಕಟ್ಟಿಗೆ ಒಟ್ಟಿದ. ತುಂತುರು ಮಳೆ ಇತ್ತು. ನೆನೆಯಬಾರದೆಂದು ಬಿಳಿ ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿದ. ಅವನ ಜೊತೆಗಾರರು ನಾಲ್ವರು ಹೆಗಲು ಕೊಟ್ಟರು. ಮುಂದೆ ಫಕೀರಪ್ಪ "ಸರೀರಿ, ಸರೀರಿ" ಅನ್ನುತ್ತ ನಡೆದ.

ಓಣಿ ಓಣಿಯೇ ಎದ್ದು ನಿಂತಿತು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಇಸ್ತ್ರಿ ಅಂಗಡಿಯ ಮುದುಕ ಟೋಪಿ ತೆಗೆದು, "ಯಾರದಪಾ ಇದು?" ಎಂದು ಮೆಲ್ಲಗೆ ಕೇಳಿದ.

"ನಮ್ಮ ಕಾಶಕ್ಕಂದು!" ಎಂದ ಫಕೀರಪ್ಪ. ಅವನ ತಲೆಯಲ್ಲಿ ಇದ್ದದ್ದು ಕಟ್ಟಿಗೆ. ನೋಡುವವರ ಕಣ್ಣಿಗೆ ನಾನು ಚಟ್ಟ. ನನಗೆ ಬಾಯಿ ಇದ್ದಿದ್ದರೆ ಅಲ್ಲೇ ನಾಲ್ಕು ಮಾತು ಅಂದುಬಿಡುತ್ತಿದ್ದೆ.

ನಾನು ಒಲೆ ಮುಟ್ಟುವ ಮೊದಲೇ ಕಾಶವ್ವ ಹೋದಳೆಂಬ ಸುದ್ದಿ ಖಾನಾವಳಿ ಮುಟ್ಟಿತು. ನನ್ನನ್ನು ಒಲೆಯ ಪಕ್ಕ ಇಳಿಸಿ ಆ ನಾಲ್ವರು ಚಹಾ ಕುಡಿದು ಹೋದ ಮೇಲೆ ಈರಬಸಪ್ಪ ಬಾಗಿಲಿಗೆ ಬಂದ. ಕೈಯಲ್ಲಿ ಸೇವಂತಿಗೆ ಹಾರ. ಒಳಗೆ ಕಾಶವ್ವ ಕಾಲು ಚಾಚಿ ಕುಳಿತು ರೊಟ್ಟಿ ಬಡಿಯುತ್ತಿದ್ದಳು.

"ಯಾರ ತೀರ್ಕೊಂಡ್ರು, ಸಾವ್ಕಾರ್ರ?"

ಈರಬಸಪ್ಪ ಹಾರವನ್ನು ಬೆನ್ನ ಹಿಂದೆ ಮುಚ್ಚಿದ. "ಯಾರಿಲ್ಲವಾ. ನೀ ಆರಾಮ ಅದಿ?"

"ಮತ್ತ ಹಾರ ಯಾರಿಗೆ?"

"ನಿನಗಽ... ಅಂದ್ರ, ನಿನಗಲ್ಲ."

ಮಾಬೂಬಿ ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡು ನಕ್ಕಳು. "ತಂದಾರ, ಹಾಕಿಸ್ಕೋ ಅಕ್ಕಾ. ಜೀವ ಇದ್ದಾಗ ನಮಗ ಯಾರ ಹಾಕ್ತಾರ?"

ಕಾಶವ್ವ ನಗಲಿಲ್ಲ. "ಇವತ್ತಿನ ರೊಟ್ಟಿ ಒಯ್ಯಾಕ ಹುಡುಗ ಯಾಕ ಬರಲಿಲ್ರಿ?"

ಅವನು ನೆಲ ನೋಡಿದ. "ಗಿರಾಕಿ ಕುಂತಿದ್ರವಾ. ಏನ್ ಮಾಡ್ಲಿ? ಮಷಿನ್ ರೊಟ್ಟಿಯವರಿಗೆ ಹೇಳಿಬಿಟ್ಟೆ. ಇನ್ನ ಮ್ಯಾಲ ಅವರಽ ಕೊಡ್ತಾರ."

ಮಾಬೂಬಿಯ ನಗು ನಿಂತಿತು. ಕಾಶವ್ವನ ಒಲೆ ಉಳಿಸಲು ಹುಟ್ಟಿದವನು ನಾನು. ಬಂದ ದಿನವೇ ಅದಕ್ಕೆ ನೀರು ಸುರಿದ ಹಾಗಾಗಿತ್ತು.

ಕಾಶವ್ವ ಕೈ ಚಾಚಿದಳು. "ತರ್ರಿ ಆ ಹಾರ." ಇಸಿದುಕೊಂಡು ನನ್ನ ಮೂಲೆಗೆ ನೇತುಹಾಕಿದಳು. "ಇದಕ್ಕ ಇರಲಿ. ಹೊಸಾ ಸಾಮಾನು ಮನಿಗೆ ಬಂದೈತಿ. ನೀವು ಕುಂಡ್ರಿ, ಉಣ್ರಿ."

ಹಂಚಿನಿಂದ ಉಬ್ಬಿದ ರೊಟ್ಟಿ ತೆಗೆದು, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಇಟ್ಟು ಕೊಟ್ಟಳು. ಅವನು ಉಂಡ. ಇನ್ನೊಂದು ಹಾಕಿಸಿಕೊಂಡ. ಕೈ ತೊಳೆಯುವಾಗ, "ಮಷಿನಿನವರಿಗೆ ಬ್ಯಾಡಂತ ಹೇಳ್ತೀನಿ ತಗೋ" ಎಂದ.

"ಹೇಳ್ತೀನಿ ಅಲ್ರಿ. ಈಗ ನನ್ನ ಮುಂದ ಫೋನ್ ಹಚ್ರಿ."

ಹಚ್ಚಿದ.

ಅವನು ಓಣಿ ದಾಟಿದ ಮೇಲೆ ಕಾಶವ್ವ ತಮ್ಮನ ಕಡೆ ತಿರುಗಿದಳು. "ಲೇ ಫಕೀರಾ, ನನ್ನ ಹೊರಾಕ ಇಷ್ಟ ಅವಸರೇನಲೇ ನಿನಗ?" ಫಕೀರಪ್ಪ ಅಳುವುದೋ ನಗುವುದೋ ತಿಳಿಯದೆ ಅಂದೇ ಬಿದಿರು ಕಳಚಿದ. ಹಳೆಯ ಟ್ರಾಲಿಯ ಗಾಲಿ ತಂದು ಜಡಿದ. ಮಾಬೂಬಿ ನೆರೆಯವರನ್ನು ಕೂಗಿ ಗಟಾರದ ಮೇಲೆ ಒಂದು ಕಡಪಾ ಕಲ್ಲಿನ ಚಪ್ಪಡಿ ಹಾಸಿಸಿದಳು. ಮರುದಿನದಿಂದ ಕಾಶವ್ವ ತಾನೇ ನನ್ನನ್ನು ತಳ್ಳಿಕೊಂಡು ಹೋಗಿ ಕಟ್ಟಿಗೆ ತರತೊಡಗಿದಳು. ತಳ್ಳುವುದಕ್ಕಿಂತ ನನ್ನ ಮೇಲೆ ಭಾರ ಬಿಟ್ಟು ನಡೆಯುವುದೇ ಹೆಚ್ಚು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ನಾವು ಜೊತೆಯಾಗಿ ಬಹಳ ವರ್ಷ ನಡೆದೆವು. ಜಾಲಿ, ಬೇವು, ಹಳೆ ತೊಲೆಯ ತುಂಡು, ಎಲ್ಲ ಹೊತ್ತೆ. ಹಲಗೆಗಳ ಸಂದಿಯಲ್ಲಿ ಗಾಳಿ ಆಡುವುದರಿಂದ ನನ್ನಲ್ಲಿ ಇಟ್ಟ ಹಸಿ ಕಟ್ಟಿಗೆಯೂ ಬೇಗ ಒಣಗುತ್ತಿತ್ತು. ಹೊಗೆ ಕಡಿಮೆಯಾಗಿ ಇಬ್ಬರ ಕಣ್ಣೂ ತಣ್ಣಗಿದ್ದವು. ನನ್ನ ಬಗ್ಗೆ ಹೊಗಳಿಕೊಳ್ಳಲು ನನಗೆ ಇದೊಂದೇ ಇದೆ, ಹೊಗಳಿಕೊಳ್ಳುತ್ತೇನೆ.

ಆಮೇಲೆ ಒಂದು ಚಳಿಗಾಲ ಕಾಶವ್ವನ ಎರಡೂ ಮೊಣಕಾಲು ಬಿಗಿದುಕೊಂಡವು. ನೆಲಕ್ಕೆ ಕೂರಲು ಆಗಲಿಲ್ಲ. ಕೂತರೆ ಏಳಲು ಆಗಲಿಲ್ಲ. ಫಕೀರಪ್ಪ ಬಂದು, "ಇನ್ನ ಸಾಕ ಮಾಡ ಯಕ್ಕಾ" ಎಂದ. ಆಕೆ ಗೋಡೆಯ ಕಡೆ ಹೊರಳಿ ಮಲಗಿದಳು. ನನ್ನಲ್ಲಿ ಕಟ್ಟಿಗೆ ತುಂಬಿಯೇ ಇತ್ತು. ತೆಗೆಯುವವರಿರಲಿಲ್ಲ.

ಮಾಬೂಬಿ ಅವನ ಮೇಲೆ ಏರಿ ಹೋದಳು. "ಏನ್ ಸಾಕು? ಆಕಿ ಕೈ ಏನಾರ ಕೆಟ್ಟಾವೇನು? ಒಲಿ ಕೆಳಗೈತಿ, ಆಕಿಗೆ ಕೆಳಗ ಕುಂಡ್ರಾಕ ಬರೂದಿಲ್ಲ. ಹಂಗಂದ್ರ ಒಲೀನ ಮ್ಯಾಲ ತರಬೇಕು. ಗರಗಸ ತಾ, ಹೋಗು!"

ಇಟ್ಟಿಗೆ ಕಟ್ಟಿ ಒಲೆಯನ್ನು ಎತ್ತರ ಮಾಡಿದರು. ನನ್ನ ಎರಡು ಪಕ್ಕಗಳನ್ನು ಗರಗಸದಿಂದ ಕೊಯ್ದರು. ಒಂದು ತುಂಡನ್ನು ಬೆನ್ನು ಆನಿಸಲು ಜಡಿದರು. ಮೇಲೆ ಹಳೆ ಕೌದಿ ಹಾಸಿ ನನ್ನನ್ನು ಕಾಶವ್ವ ಕೂರುವ ಗಾಲಿ ಕುರ್ಚಿ ಮಾಡಿದರು. ಕಟ್ಟಿಗೆ ತರಲು ಈಗ ಕಬ್ಬಿಣದ ಹೊಸ ಗಾಡಿ ಬಂದಿದೆ, ಬರೀ ಸದ್ದು. ಅದರ ವಿಷಯ ಬಿಡಿ.

ಬೆಳಗಾದರೆ ಮಾಬೂಬಿ ಕಾಶವ್ವನನ್ನು ಮಂಚದಿಂದ ನನ್ನ ಮೇಲೆ ಕೂರಿಸಿ ಒಲೆಯವರೆಗೆ ತಳ್ಳುತ್ತಾಳೆ. "ಎಷ್ಟ ಭಾರ ಆಗೀಯ ಅಕ್ಕಾ" ಎಂದು ದಿನಾ ಸುಳ್ಳು ಹೇಳುತ್ತಾಳೆ. ಭಾರ ಎಷ್ಟೆಂದು ನನಗೆ ಗೊತ್ತು. ಒಂದು ಹೊರೆ ಜಾಲಿ ಕಟ್ಟಿಗೆಗಿಂತ ಹಗುರ.

ನನ್ನ ಒಂದು ಗಾಲಿ ಸವೆದಿದೆ, ಅಂಚಿಗೆ ಗೆದ್ದಲು ಹತ್ತಿದೆ. ಇನ್ನೆಷ್ಟು ದಿನವೋ, ಅದರ ಚಿಂತೆ ನನಗಿಲ್ಲ. ಕಾಶವ್ವ ಹಿಟ್ಟಿನ ಉಂಡೆಯನ್ನು ಕಲ್ಲಿನ ಮೇಲಿಟ್ಟು ಬಡಿಯಲು ಶುರು ಮಾಡುತ್ತಾಳೆ. ಒಂದೊಂದು ಪೆಟ್ಟೂ ಅವಳ ಮೈಯಿಂದ ಇಳಿದು ನನ್ನ ಹಲಗೆಗೆ ತಾಗುತ್ತದೆ. ನಾನು ಅಲುಗಾಡದೆ ನಿಲ್ಲುತ್ತೇನೆ.