ಮುಚ್ಚಳದ ಸದ್ದು

ಅವನು ಕಸುಬಿನಲ್ಲಿ ಕ್ಷೌರಿಕ, ಬೀದಿಯವರ ಬಾಯಲ್ಲಿ ಕ್ಯಾಪ್ಟನ್. ಆ ಹೆಸರು ಬಂದದ್ದು ಗತ್ತಿನಿಂದಲ್ಲ, ಮಾತಿನ ಚಪಲದಿಂದ. ಕುರ್ಚಿಯಲ್ಲಿ ಕೂತವರ ಕುತ್ತಿಗೆಗೆ ಬಟ್ಟೆ ಕಟ್ಟಿದನೆಂದರೆ ಮುಗಿಯಿತು, ಕೂದಲು ನೆಲಕ್ಕೆ ಬೀಳುವ ಮೊದಲೇ ಬಾಹ್ಯಾಕಾಶದ ಕತೆ ಶುರು. ಕತ್ತರಿ ಅವನ ಕೈಯಲ್ಲಿರುವಾಗ ಬೇಡ ಅನ್ನುವ ಧೈರ್ಯ ಯಾರಿಗಿದೆ? ಕತೆಯೆಲ್ಲ ಒಂದು ಟಿವಿ ಧಾರಾವಾಹಿಯದು, ಅದಕ್ಕೆ ಉದ್ದನೆಯ ಹೆಸರೊಂದಿದೆ. ಅವನ ಮನೆಯಲ್ಲಿ ಮಾತ್ರ ಅದು ಚಿಕ್ಕಂದಿನಿಂದಲೂ ಬರೀ ‘ನೌಕೆ’.

ಮನೆಯೆಂದರೆ ಅವನು ಮತ್ತು ಅಕ್ಕ, ಅಷ್ಟೆ. ಅಕ್ಕ ಗಣಿತದ ಟೀಚರಾಗಿದ್ದವಳು. ಸಕ್ಕರೆ ಕಾಯಿಲೆ ಮೊದಲು ಅವಳ ಕಣ್ಣು ತಿಂದಿತು, ಆಮೇಲೆ ಕಿಡ್ನಿಗೆ ಕೈ ಹಾಕಿತು. ಈಗ ದಿನ ಬಿಟ್ಟು ದಿನ ಬೆಳಿಗ್ಗೆ ಆಸ್ಪತ್ರೆಯ ವ್ಯಾನು ಬಂದು ಹಾರ್ನ್ ಹೊಡೆಯುತ್ತದೆ. ಅಕ್ಕ ಹೋಗಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತಾಳೆ, ಹಿಂಡಿದ ಬಟ್ಟೆಯ ಹಾಗಾಗಿ ಮರಳುತ್ತಾಳೆ.

ಕಣ್ಣು ಹೋದ ಮೇಲೂ ‘ನೌಕೆ’ ನಿಲ್ಲಲಿಲ್ಲ. ಮಾತುಗಳನ್ನು ಅಕ್ಕ ತಾನೇ ಕೇಳಿಸಿಕೊಳ್ಳುತ್ತಾಳೆ. ಮಾತಿಲ್ಲದ ಕಡೆ ಪರದೆಯ ಮೇಲೆ ಏನಾಗುತ್ತಿದೆ ಅಂತ ತಮ್ಮ ಹೇಳಬೇಕು. ಕಂಡದ್ದನ್ನಷ್ಟೇ ಹೇಳಬೇಕು, ತನ್ನ ಒಗ್ಗರಣೆ ಕೂಡದು. ಕಂತು ಮುಗಿದ ಮೇಲೆ ಇಬ್ಬರೂ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡಬೇಕು. ಅಕ್ಕನ ಕೈ ಮೊದಲಿನಿಂದಲೂ ಬಿಗಿ, ಅವಳಿಂದ ಹತ್ತಕ್ಕೆ ಹತ್ತು ಪಡೆದ ಕಂತು ಇನ್ನೂ ಹುಟ್ಟಿರಲಿಲ್ಲ.

ಎಷ್ಟೋ ವರ್ಷ ನಿಂತುಹೋಗಿದ್ದ ಧಾರಾವಾಹಿ ಈ ಸಲ ಹೊಸಬರ ಕೈಯಲ್ಲಿ ಮತ್ತೆ ಶುರುವಾಯಿತು. ಅವನಿಗೆ ಮೈಯೆಲ್ಲ ಉರಿ. ಹೊಸ ಕ್ಯಾಪ್ಟನ್ ಬಟ್ಟೆ ಅಂಗಡಿಯ ಬೊಂಬೆಯ ಹಾಗಿದ್ದಾನೆ, ನೌಕೆಯ ಒಳಗೆ ಒಂದು ಗೀರಿಲ್ಲ, ಒಂದು ಕೊಳೆಯಿಲ್ಲ, ಇದೇನು ನೌಕೆಯೋ ಮದುವೆ ಮಂಟಪವೋ! ಹೀಗೆಂದು ಗಿರಾಕಿಗಳ ತಲೆ ತಿನ್ನುತ್ತಲೇ ಒಂದು ಕಂತನ್ನೂ ಬಿಡದೆ ನೋಡಿದ. ಬೈಯುವುದಕ್ಕಾದರೂ ನೋಡಬೇಕಲ್ಲ.

ಅವನಿಗೆ ಅದರಿಂದ ಇನ್ನೊಂದು ಉಪಯೋಗವೂ ಇತ್ತು. ಒಂದು ದಿನ ವ್ಯಾನಿನಿಂದ ಇಳಿದವಳೇ ಅಕ್ಕ, “ಸಾಕು ಕಣೋ. ಇನ್ನು ಹೋಗಲ್ಲ,” ಅಂದಿದ್ದಳು. ಡಾಕ್ಟರನ್ನು ಕೇಳಿದರೆ, ಬೇಡ ಅನ್ನುವುದು ಅವರಿಗೆ ಬಿಟ್ಟದ್ದು, ನಿಲ್ಲಿಸಿದರೆ ಒಂದೆರಡು ವಾರ ಅಂದುಕೊಳ್ಳಿ ಅಂದರು. ಅವನ ಬಾಯಿಗೆ ಬಂದದ್ದು ‘ನೌಕೆ’ಯೇ.

“ಕತೆ ಮುಗೀಲಿ ಅಕ್ಕ. ಪೈಲಟ್ಟಮ್ಮ ಮನೆ ಸೇರ್ತಾಳೋ ಇಲ್ವೋ ಅಂತ ತಿಳ್ಕೊಳ್ದೇ ಹೋಗ್ತೀಯಾ?”

ಅಕ್ಕ ನಕ್ಕುಬಿಟ್ಟಿದ್ದಳು. ಪೈಲಟ್ಟಮ್ಮ ಅಂದರೆ ನೌಕೆ ನಡೆಸುವವಳು, ಅಕ್ಕನ ಅಚ್ಚುಮೆಚ್ಚಿನವಳು, ಹಳೆಯ ತಂಡದಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಕೊನೆಯ ಕಂತಿನವರೆಗೆ ವ್ಯಾನು ಹತ್ತುತ್ತೇನೆ ಅಂತ ಅಕ್ಕ ಒಪ್ಪಿಕೊಂಡಳು. ಆ ಕೊನೆಯ ಕಂತು ಇವತ್ತು ಸಂಜೆ, ವ್ಯಾನು ಬರುವುದು ನಾಳೆ ಬೆಳಿಗ್ಗೆ.

ಅವನು ಬೇಗ ಅಂಗಡಿ ಬಾಗಿಲು ಹಾಕಿ ಬಂದ. ಅಕ್ಕನ ಬೆನ್ನಿಗೆ ದಿಂಬು ಕೊಟ್ಟು, ಕಾಲಿಗೆ ರಗ್ಗು ಹೊದಿಸಿ, ಪಕ್ಕದಲ್ಲಿ ಕೂತ. ಮೊದಲ ದೃಶ್ಯದಲ್ಲೇ ನೌಕೆಯ ಅಡುಗೆಯವನು ಶೀತಪೆಟ್ಟಿಗೆಯಲ್ಲಿ ಮಲಗಿದ. ದೂರದ ಪ್ರಯಾಣಕ್ಕೆ ಅದರಲ್ಲಿ ಮಲಗಿದರೆ ವಯಸ್ಸಾಗುವುದಿಲ್ಲ. ಮುಚ್ಚಳ ಮುಚ್ಚಿತು: ಸುಸ್ಸ್... ಟಕ್. ಅದೇ ಹಳೆಯ ಸದ್ದು! ಚಿಕ್ಕಂದಿನಲ್ಲಿ ಟಿಫಿನ್ ಡಬ್ಬಿ ಮುಚ್ಚಿದರೂ ಇಬ್ಬರೂ ಬಾಯಲ್ಲಿ ಆ ಸದ್ದು ಮಾಡಿ ಬೈಸಿಕೊಳ್ಳುತ್ತಿದ್ದರು. ಈಗಲೂ ಇಬ್ಬರ ಬಾಯಿಂದ ಒಟ್ಟಿಗೇ ಬಂತು, “ಸುಸ್ಸ್... ಟಕ್!” ಅಕ್ಕ ನಗುತ್ತಾ ಅವನ ತೊಡೆಗೆ ಹೊಡೆದಳು. ಹೊಸಬರ ಅರ್ಧ ತಪ್ಪನ್ನು ಅವನು ಅಲ್ಲೇ ಮಾಫಿ ಮಾಡಿದ.

ಕತೆ ಮುಂದೆ ಹೋದಂತೆ ಉಳಿದರ್ಧವನ್ನೂ ಮಾಫಿ ಮಾಡಬೇಕಾಯಿತು. ಪೈಲಟ್ಟಮ್ಮ ಪೆಟ್ಟಿಗೆಯಿಂದ ಎದ್ದಾಗಲೆಲ್ಲ ಏನೋ ಒಂದು ಕಳೆದುಕೊಂಡಿರುತ್ತಾಳೆ. ಒಮ್ಮೆ ಬೆರಳುಗಳ ಸ್ಪರ್ಶ ಹೋಯಿತು, ಒಮ್ಮೆ ತಾಯಿಯ ಮುಖವೇ ಮರೆತುಹೋಯಿತು. ಮನೆಗೆ ಇನ್ನೊಂದೇ ಪ್ರಯಾಣ ಉಳಿದಿದೆ, ಪೆಟ್ಟಿಗೆಯಿಲ್ಲದೆ ಅಲ್ಲಿಯವರೆಗೆ ನಿನ್ನ ಜೀವ ಉಳಿಯುವುದಿಲ್ಲ, ಹೋಗಿ ಮಲಗು ಅನ್ನುತ್ತಾನೆ ಬೊಂಬೆ ಕ್ಯಾಪ್ಟನ್. ಅವಳು ನಿಧಾನವಾಗಿ, “ಇಲ್ಲ. ಉಳಿದಿರೋ ನಾನು ಇಷ್ಟೇ. ಇಷ್ಟನ್ನಾದ್ರೂ ಎಚ್ಚರವಾಗಿ ಕಳೀತೀನಿ,” ಅನ್ನುತ್ತಾಳೆ. ಅವನಿಗೆ ರೋಮಾಂಚನವಾಯಿತು. ಹುಡುಗನಾಗಿದ್ದಾಗಿನಿಂದ ಕಾದದ್ದು ಇಂಥ ಕಂತಿಗೇ ಅನ್ನಿಸಿತು. ಮರುಗಳಿಗೆಯಲ್ಲೇ ಪಕ್ಕಕ್ಕೆ ತಿರುಗಿ ನೋಡಿದ. ಅಕ್ಕ ದಿಂಬು ಬಿಟ್ಟು ಮುಂದಕ್ಕೆ ಬಾಗಿ ಕೂತಿದ್ದಳು.

ಆಮೇಲೆ ಮಾತು ನಿಂತು ಸಂಗೀತವಷ್ಟೇ ಉಳಿಯಿತು. ಪೈಲಟ್ಟಮ್ಮ ತನ್ನ ಹಳೆಯ ಕುರ್ಚಿಯಲ್ಲಿ ಕಿಟಕಿಗೆ ಮುಖ ಮಾಡಿ ಕೂತಳು. ಕ್ಯಾಪ್ಟನ್ ಬಂದು ಅವಳ ಕೈ ಹಿಡಿದುಕೊಂಡ. ಹಿಂದೆ ಖಾಲಿ ಪೆಟ್ಟಿಗೆ ಬಾಯಿ ತೆರೆದುಕೊಂಡೇ ಇತ್ತು.

“ಏನಾಗ್ತಿದೆ? ಹೇಳೋ.”

“ಎದ್ದಳು,” ಅಂದ ತಮ್ಮ. “ಮನಸ್ಸು ಬದಲಾಯಿಸಿದಳು ಅನ್ಸುತ್ತೆ. ಪೆಟ್ಟಿಗೆ ಹತ್ರ ಬಂದಳು. ಒಳಗೆ ಮಲಗಿದಳು. ಕ್ಯಾಪ್ಟನ್ ಮುಚ್ಚಳ ಹಾಕಿದ.”

ಪರದೆಯ ಮೇಲೆ ಪೈಲಟ್ಟಮ್ಮನ ತಲೆ ಮೆಲ್ಲನೆ ಒಂದು ಕಡೆಗೆ ವಾಲಿತು. ಹೆಸರುಗಳು ಓಡತೊಡಗಿದವು. ಅಕ್ಕ ಅವನ ಕಡೆ ತಿರುಗಿದಳು.

“ಮುಚ್ಚಳ ಹಾಕಿದ್ನಾ?”

“ಹೂಂ.”

“ಸದ್ದೇ ಬರ್ಲಿಲ್ವಲ್ಲೋ.”

ಜೀವಮಾನವೆಲ್ಲ ಆ ಧಾರಾವಾಹಿಯನ್ನು ಅರೆದು ಕುಡಿದವನು ಮರೆಯಬಾರದ್ದನ್ನೇ ಮರೆತಿದ್ದ. ಹೊಸಬರು ಆ ಸದ್ದು ಕಿತ್ತುಹಾಕಿದ್ದಾರೆ ಅನ್ನೋಣವೆಂದರೆ ಈಗಷ್ಟೇ ಇಬ್ಬರೂ ಅದನ್ನು ಕೇಳಿ ನಕ್ಕಾಗಿದೆ. ಅವನು ತಲೆ ತಗ್ಗಿಸಿದ. ಕಣ್ಣು ಕಾಣದ ಅಕ್ಕನ ಎದುರು ತಲೆ ತಗ್ಗಿಸಿ ಏನು ಬಂತು?

“ನನ್ನ ಕಣ್ಣು ಈಗ ನಿನ್ನ ಹತ್ರ ಇದೆ,” ಅಂದಳು ಅಕ್ಕ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವನಿಗೆ ತಡೆಯಲಾಗಲಿಲ್ಲ. “ಅದ್ರಲ್ಲೇ ಮೋಸ ಮಾಡ್ತೀಯೇನೋ?”

“ನಿನಗೋಸ್ಕರ...”

“ನನಗೋಸ್ಕರ ಅಲ್ಲ. ರೆಕಾರ್ಡ್ ಆಗಿದೆಯಲ್ಲ, ಕೊನೇದು ಇನ್ನೊಂದ್ಸಲ ಹಾಕು. ಇರೋದನ್ನ ಇದ್ದ ಹಾಗೆ ಹೇಳು.”

ಹಾಕಿದ. ಹೇಳಿದ. ಕುರ್ಚಿ ಅಂದ, ಕಿಟಕಿ ಅಂದ, ನಕ್ಷತ್ರಗಳ ಬೆಳಕು ಅವಳ ಕೆನ್ನೆ ಮೇಲೆ ಬಿದ್ದಿದೆ ಅಂದ. “ಪೆಟ್ಟಿಗೆ ತೆರೆದೇ ಇದೆ,” ಅನ್ನುವಾಗ ಧ್ವನಿ ಒಡೆಯಿತು. ಹೇಳುವುದನ್ನು ನಿಲ್ಲಿಸಲಿಲ್ಲ. ತಲೆ ವಾಲಿದ್ದನ್ನೂ ಹೇಳಿದ.

ಅಕ್ಕ ಮತ್ತೆ ದಿಂಬಿಗೆ ಒರಗಿ, “ಹತ್ತು,” ಅಂದಳು. “ನಿಂದು?”

“ನನ್ನ ಕೇಳ್ಬೇಡ.”

“ಆಟ ಅಂದ್ಮೇಲೆ ಆಟ. ಹೇಳು.”

“ಸೊನ್ನೆ ಕೊಡ್ಬೇಕು ಅನ್ಸುತ್ತೆ. ಆ ಬರೆದೋನ ಕೈ ಮುರೀಬೇಕು ಅನ್ಸುತ್ತೆ.” ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. “ಕೊಡಕ್ಕಾಗಲ್ಲ ಅಕ್ಕ. ತುಂಬಾ ಚೆನ್ನಾಗಿದೆ. ಇಷ್ಟು ಚೆನ್ನಾಗಿ ಯಾವತ್ತೂ ಮಾಡಿರ್ಲಿಲ್ಲ.”

ಅಕ್ಕ ಕೈ ಚಾಚಿ ಅವನ ತಲೆ ಹುಡುಕಿಕೊಂಡು ಸವರಿದಳು. “ಊರವ್ರ ತಲೆಯೆಲ್ಲ ನೋಡ್ತೀಯ, ನಿಂದು ಮಾತ್ರ ಕಾಡು,” ಅಂದಳು. ಅವನು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಬೆಳಿಗ್ಗೆ ಹಾರ್ನ್ ಆಯಿತು. ಅಕ್ಕ ಎದ್ದು, ಮುಖ ತೊಳೆದು, ತಲೆ ಬಾಚಿಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಚಪ್ಪಲಿ ಬಾಗಿಲ ಬಳಿಯೇ ಇತ್ತು. ಅವನು ಆ ಚಪ್ಪಲಿಯನ್ನು ಕೈಗೆತ್ತಿಕೊಂಡ, ಅಕ್ಕನ ಮುಖ ನೋಡಿದ, ಮತ್ತೆ ಅಲ್ಲೇ ಇಟ್ಟು ಕೆಳಗಿಳಿದು ಹೋದ.

“ಇನ್ನೂ ರೆಡಿ ಆಗಿಲ್ವಾ ಅಣ್ಣ?” ಅಂದ ವ್ಯಾನಿನ ಡ್ರೈವರ್.

“ಇವತ್ತು ಬರಲ್ವಂತೆ.”

“ಹಾಗಾದ್ರೆ ನಾಳಿದ್ದು ಬರ್ಲಾ?”

ಅವನು ವ್ಯಾನಿನ ಬಾಗಿಲ ಮೇಲೆ ಕೈಯಿಟ್ಟುಕೊಂಡು ನಿಂತ. ಬಾ ಅನ್ನುವುದು ಒಂದೇ ಅಕ್ಷರದ ಮಾತು. ಅದನ್ನು ನುಂಗಿಕೊಂಡು, ಬೇಡ ಅಂದ. ಡ್ರೈವರ್ ಅವನ ಮುಖ ನೋಡಿ ಗಾಡಿ ಶುರು ಮಾಡಿದ.

ಮೇಲೆ ಬಂದು ಅಕ್ಕನ ಪಕ್ಕ ನಿಂತ. ಅಕ್ಕ ಅವನ ಕೈ ಹಿಡಿದುಕೊಂಡು ಕಿಟಕಿಯ ಕಡೆ ಮುಖ ಮಾಡಿದಳು.

“ಏನಾಗ್ತಿದೆ? ಹೇಳು.”

“ವ್ಯಾನ್ ಹಿಂದಕ್ಕೆ ತಗೊಂಡ,” ಅಂದ. “ತಿರುಗಿಸ್ಕೊಂಡ. ಮೂಲೆ ಹತ್ರ ಹೋದ. ಹೋಗ್ಬಿಟ್ಟ ಅಕ್ಕ.”

“ಗೊತ್ತು,” ಅಂದಳು ಅಕ್ಕ. “ಸದ್ದು ಕೇಳಿಸ್ತು.”