ಬಾಣಂತಿ ಬುತ್ತಿಗೆ ನಾಯಿ ಮೂತಿ

ತಾಚಿಲೇಕಿನಿಂದ ಗಡಿಯಾಚೆಯ ಮೇಸಾಯಿಗೆ ದಾಟುವ ಸೇತುವೆಯಲ್ಲಿ ಹೊಸ ಕಾನೂನು ಬಂದಿತ್ತು. ಮಾದಕ ಮಾತ್ರೆ ಸಾಗಿಸುವವರು ಹೆಚ್ಚಿದ್ದಾರಂತೆ, ಅದಕ್ಕೇ ಪ್ರತಿ ಗಂಟನ್ನೂ ನಾಯಿ ಮೂಸಲೇಬೇಕಂತೆ. ಕಾನೂನು ಬಂದರೆ ಬರಲಿ, ಮ್ವೇ ಅಜ್ಜಿಗೇನು? ಬಾಳೆಎಲೆಯ ಗಂಟನ್ನು ಎದೆಗವಚಿಕೊಂಡು ನಿಂತೇಬಿಟ್ಟಳು.

"ಇದಕ್ಕೆ ನಾಯಿ ಮೂತಿ ತಾಗಕೂಡ್ದು."

"ಯಾಕಜ್ಜಿ, ಮಾತ್ರೆ ಒಗ್ಗರಣೆ ಹಾಕ್ಕೊಂಡು ತಂದಿದ್ದೀರಾ?" ಎಂದ ಕಾವಲಿನ ತೊಂಗ್‌ಇನ್. ಮೇಸಾಯಿಯ ಹುಡುಗ, ಅಜ್ಜಿಯನ್ನು ರೇಗಿಸದಿದ್ದರೆ ಅವನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ.

"ನಿನ್ನ ತಲೆ! ಸೋಯಾ ಹಪ್ಪಳ, ಹುರಿದ ಉಪ್ಪು, ಮೆಣಸಿನ ಪುಡಿ."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಇಂಥ ಒಣ ಬುತ್ತಿ ಬಾಣಂತಿಗೇ ಎಂದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಅದಕ್ಕೆ ಪ್ರಾಣಿಯ ಉಸಿರು ಸೋಕಿದರೆ ತಿಂದವಳ ತಲೆ ಕೆಡುತ್ತದೆ. ಆದರೆ ಬಾಣಂತಿ ಯಾರೆಂದು ಬಾಯಿಬಿಡುವುದು ಹೇಗೆ? ಮಗಳು ಆ ಕಡೆ, ಮಾರುಕಟ್ಟೆ ಹಿಂದಿನ ಬಾಡಿಗೆ ಕೋಣೆಯಲ್ಲಿ, ಕಾಗದಪತ್ರವಿಲ್ಲದೆ ಮಲಗಿದ್ದಾಳೆ. ಸಿಕ್ಕಿಬಿದ್ದರೆ ಹಸುಗೂಸಿನ ಸಮೇತ ಲಾಕಪ್ಪು.

ಬ್ಯಾಂಕಾಕಿನಿಂದ ಹೊಸದಾಗಿ ಬಂದಿದ್ದ ಸಾಹೇಬ ಹತ್ತಿರ ಬಂದ. "ಏನದು?"

"ಬಾಣಂತಿ ಊಟ ಸಾರ್," ಎಂದ ತೊಂಗ್‌ಇನ್. "ಯಾರಜ್ಜಿ ಹೆತ್ತಿದ್ದು?"

"ನಾನೇ."

ಅರವತ್ತು ದಾಟಿದ ಮುದುಕಿ! ಸಾಹೇಬ ಕಣ್ಣು ಕಣ್ಣು ಬಿಟ್ಟ.

"ಅಯ್ಯೋ, ಮೊದಲೇ ಹೇಳಬಾರದಾ! ಹಸಿ ಬಾಣಂತಿ ಹೀಗೆ ಗಾಳೀಲಿ ನಿಲ್ತಾರಾ? ಮಗು ಯಾರ ಹಾಗಿದೆ?" ಎಂದ ತೊಂಗ್‌ಇನ್.

"ನಿನ್ನ ಹಾಗಿಲ್ಲ, ಅದೇ ನನ್ನ ಪುಣ್ಯ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಸಾಹೇಬ ಮಾತ್ರ ನಗಲಿಲ್ಲ. "ನಾಯಿ ತನ್ನಿ," ಎಂದ.

"ಸಾರ್, ಇವತ್ತು ನಾಯಿ ಕೆಲಸ ನಾನೇ ಮಾಡ್ತೀನಿ," ಎಂದ ತೊಂಗ್‌ಇನ್, ಕೈ ತೊಳೆದುಕೊಂಡು ಗಂಟು ಬಿಚ್ಚಿದ. ಹಪ್ಪಳ ಮುರಿದು ನೋಡಿದ, ಉಪ್ಪು ನೆಕ್ಕಿದ, ಮೆಣಸಿನ ಪುಡಿ ಮೂಸಿ ಸೀನಿದ ನೋಡಿ, ಟೋಪಿಯೇ ಹಾರಿಬಿತ್ತು. ಸಾಹೇಬನೂ ನಗು ತಡೆಯಲಾರದೆ, ಹೋಗಲಿ ಬಿಡು ಎಂದು ಕೈ ಬೀಸಿದ.

ಗಂಟು ಕಟ್ಟಿಕೊಡುವಾಗ ತೊಂಗ್‌ಇನ್‌ನ ಮುಖದಲ್ಲಿ ನಗುವಿರಲಿಲ್ಲ. "ನಾಳೆ ಬೆಳಿಗ್ಗೆ ಮಾರ್ಕೆಟ್ ಹಿಂದೆ ಮನೆ ಮನೆ ತಪಾಸಣೆ ಇದೆ," ಎಂದ ಮೆಲ್ಲಗೆ. "ನಾನೂ ಬರ್ಬೇಕು. ಅಲ್ಲಿ ನನ್ನ ಕೈಲಿ ಏನೂ ಆಗಲ್ಲ ಅಜ್ಜಿ."

ಅಜ್ಜಿ ಗಂಟು ಇಸಿದುಕೊಂಡು ಸರಸರನೆ ಸೇತುವೆ ದಾಟಿದಳು. ತಿಂಗಳು ತುಂಬುವವರೆಗೆ ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಇದೇ ಮಗಳನ್ನು ಹೆತ್ತಾಗ ಅಜ್ಜಿಯೂ ಹೀಗೇ ಕದ್ದು ಗಡಿ ದಾಟಿ ಬಂದು ಕೂಲಿ ಮಾಡುತ್ತಿದ್ದಳು. ಹಸಿ ಮೈಯಲ್ಲೇ ತೋಟಕ್ಕೆ ಇಳಿದಿದ್ದಳು, ಆ ತಲೆನೋವು ಇವತ್ತಿಗೂ ಬಿಟ್ಟಿಲ್ಲ. ಮಗಳಿಗೆ ಆ ಗತಿ ಬೇಡ ಎಂದೇ ಇಷ್ಟೆಲ್ಲ ಪಾಡು ಪಟ್ಟಿದ್ದು. ಯಾರ ಮೇಲೋ ಗೊತ್ತಿಲ್ಲ, ಸಿಟ್ಟು ಉಕ್ಕಿಬಂತು, ಅದರ ಜೊತೆಗೇ ಅಳುವೂ.

ಕೋಣೆಯಲ್ಲಿ ಮಗಳು ಕೆಂಡದ ಪಕ್ಕ ಕೂಸಿಗೆ ಹಾಲೂಡುತ್ತಿದ್ದಳು.

"ತಲೆಗೆ ಬಟ್ಟೆ ಸುತ್ತು. ಗಡಿ ದಾಟಿ ನಮ್ಮನೆಗೆ ಹೋಗೋಣ."

"ಅಮ್ಮಾ, ನಿನಗೇನಾಯ್ತು? ಇನ್ನೂ ಒಂದು ವಾರ ಆಗಿಲ್ಲ ನಾನು ಹೆತ್ತು!"

"ಗೊತ್ತು ಕಣೇ. ಏಳು," ಎಂದಳು ಅಜ್ಜಿ. ಕೂಸನ್ನು ಎತ್ತಿಕೊಂಡು ಹೊಸ್ತಿಲಿನಾಚೆ ನಿಂತು ಮಗಳ ಕಡೆ ಕೈ ಚಾಚಿದಳು.