ಅಜ್ಜಿಯ ಕೈ ಎಟುಕಿದಷ್ಟು

ನಮ್ಮ ಅಜ್ಜಿ ದೊಡ್ಡತಾಯಮ್ಮ ಗೋಡೆಗಿಟ್ಟ ಕುಂಕುಮವನ್ನು ಸರ್ಕಾರಿ ನಕ್ಷೆಗೆ ಏರಿಸಿದವನು ನಾನೇ. ಹೊಳೆನರಸೀಪುರದಲ್ಲಿ ನಾನು ಸರ್ವೇಯರ್. ಹೇಮಾವತಿ ದಂಡೆಯ ಊರುಗಳಲ್ಲಿ ಹಿಂದೆ ಬಂದ ದೊಡ್ಡ ನೀರು ಎಲ್ಲಿಯವರೆಗೆ ನಿಂತಿತ್ತೋ ಅಲ್ಲಿಗೆ ಗೆರೆ ಎಳೆಯಬೇಕು, ಗೆರೆಯ ಕೆಳಗೆ ಹೊಸ ಮನೆ ಕೂಡದು ಎಂಬ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು.

ಅದಕ್ಕಾಗಿ ಹಾಸನದಲ್ಲಿ ಮೂರು ದಿನ ತರಬೇತಿ. ಬೇರೆ ಬೇರೆ ದೇಶದವರು ಪ್ರವಾಹದ ಕಾಯ್ದೆಗಳನ್ನು ಹೇಗೆ ನಡೆಸುತ್ತಾರೆಂದು ತೋರಿಸಿದರು. ಒಂದು ಕಡೆ ಹೊಳೆಗೆ ಬೇಕಾದ ಹೊಲವನ್ನು ಹೊಳೆಗೇ ಬಿಟ್ಟುಕೊಡುತ್ತಾರಂತೆ. ಇನ್ನೊಂದು ಕಡೆ ನೀರು ಮುಟ್ಟಿದ ಎತ್ತರಕ್ಕೆ ಕಬ್ಬಿಣದ ಪಟ್ಟಿ ಹೊಡೆದು ಇಸವಿ ಕೆತ್ತುತ್ತಾರಂತೆ. ಊರಿನ ಹಿರಿಯರನ್ನು ಕೇಳಿ ತಿಳಿಯಿರಿ ಎಂಬ ಸಾಲು ಮಾತ್ರ ಎಲ್ಲರದ್ದರಲ್ಲೂ ಇತ್ತು. ಊಟದ ಮೇಲಿನ ತೂಕಡಿಕೆಯಲ್ಲಿ ನನಗೆ ಸ್ವಲ್ಪ ಕೊಬ್ಬೇ ಬಂತು. ನಮ್ಮ ಪಡಸಾಲೆಯಲ್ಲೇ ಗುರುತಿದೆ, ಕೇಳುವುದೇನು ಬಂತು ಎಂದುಕೊಂಡೆ.

ಅಜ್ಜಿ ಮದುವೆಯಾಗಿ ಬಂದ ವರ್ಷ ಹೊಳೆ ಮನೆಗೆ ನುಗ್ಗಿತ್ತು. ನೀರಿಳಿದ ಮೇಲೆ, ಹೊಳೆಯ ತಾಯಿ ಗಂಗಮ್ಮ ಮುಟ್ಟಿದ ಜಾಗವೆಂದು ಅವಳ ಅತ್ತೆ ಗೋಡೆಗೆ ಕುಂಕುಮವಿಟ್ಟರು. ಅಂದಿನಿಂದ ಪ್ರತಿ ಗೌರಿ ಹಬ್ಬಕ್ಕೆ, ಸುಣ್ಣ ಬಳಿದ ಮೇಲೆ, ಅಜ್ಜಿ ಹೊಸದಾಗಿ ಬೊಟ್ಟಿಡುತ್ತಾ ಬಂದಿದ್ದಾಳೆ.

ಆ ಬೊಟ್ಟಿನ ಮಟ್ಟ ಹಿಡಿದೇ ಊರಿಗೆಲ್ಲ ಗೆರೆ ಎಳೆದೆ. ಮನೆ ಹಿಂದಿನ ದಿಬ್ಬದ ನೆಲ ಬೊಟ್ಟಿಗಿಂತ ಒಂದು ಗೇಣು ಮೇಲೆ ಬಂತು. ಅಲ್ಲಿ ನಾನೂ ಹೆಂಡತಿ ಅನುಶ್ರೀಯೂ ಮನೆಗೆ ಪಾಯ ಹಾಕಿಸಿದ್ದೆವು. ಹನ್ನೊಂದು ವರ್ಷ ಬಾಡಿಗೆ ಮನೆಗಳಲ್ಲಿ ಒಂದು ಮೊಳೆ ಹೊಡೆಯಲೂ ಕೇಳಿಕೊಂಡು ಬದುಕಿದವಳು ಅವಳು. ಕಿಟಕಿ ಎಲ್ಲಿ, ತುಳಸಿಕಟ್ಟೆ ಎಲ್ಲಿ ಎಂದು ಪಾಯದ ಕಲ್ಲುಗಳ ಮೇಲೆ ನಡೆದಾಡಿ ತೋರಿಸುತ್ತಿದ್ದಳು. ಕೆಳಗಿನ ಕೆಂಚಯ್ಯನ ಸೈಟು ಗೆರೆಯೊಳಗೆ ಬಿತ್ತು. ಅವನು ಬೈದ. ಕಾನೂನು ಎಲ್ಲರಿಗೂ ಒಂದೇ ಎಂದು ನಾನು ಬುದ್ಧಿ ಹೇಳಿ ಕಳಿಸಿದೆ.

ಹಬ್ಬಕ್ಕೆ ಎರಡು ದಿನ ಮುಂಚೆ ಗೋಡೆಗೆ ಸುಣ್ಣ ಬಳಿಯುತ್ತಿದ್ದಾಗ, ಬೊಟ್ಟು ಅಳಿಸಿದ ಮೇಲೆ ಮತ್ತೆ ಎಲ್ಲಿಡಬೇಕೆಂದು ನಿನಗೆ ಹೇಗೆ ತಿಳಿಯುತ್ತದೆ ಎಂದು ಅಜ್ಜಿಯನ್ನು ಕೇಳಿದೆ. ಅಲ್ಲಿಯವರೆಗೆ ಕೇಳಬೇಕೆಂದು ಹೊಳೆದೇ ಇರಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

"ಕೈ ಎಟುಕಿದ್ ಕಡೆ ಇಡ್ತೀನಿ ಕಣಪ್ಪ," ಎಂದಳು. "ಸೊಂಟ ಬಗ್ಗೋದ್ಮೇಲೆ ಮೇಲಕ್ಕೆಲ್ಲಿ ಎಟುಕ್ತದೆ? ಆವತ್ತು ನೀರು ದೀಪದ ಗೂಡಿನ ಗಂಟ ಬಂದಿತ್ತು. ಅಣತೆ ತುಂಬ ಹೊಳೆ ಗೋಡುಮಣ್ಣು ನಿಂತಿತ್ತು."

ದೀಪದ ಗೂಡು ಬೊಟ್ಟಿದ್ದ ಜಾಗಕ್ಕಿಂತ ಎರಡು ಗೇಣು ಮೇಲಿದೆ. ಅಂದರೆ ದಿಬ್ಬದ ಮೇಲಿನ ನಮ್ಮ ಪಾಯವೂ ಗೆರೆಯ ಕೆಳಗೇ. ಅಜ್ಜಿಗೆ ನಕ್ಷೆ ಗೊತ್ತಿಲ್ಲ, ಕಚೇರಿಗೆ ಅಜ್ಜಿ ಗೊತ್ತಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು.

ಆ ಮಧ್ಯಾಹ್ನ ಪಡಸಾಲೆಯಲ್ಲೇ ಕಣ್ಣು ಹತ್ತಿತು. ಇನ್ನೂ ಕಟ್ಟದ ನನ್ನ ಮನೆಯಲ್ಲಿ ನಾನಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರುವ ನೆಂಟರ ಹಾಗೆ ನೀರು ಸದ್ದಿಲ್ಲದೆ ಒಳಗೆ ಬಂತು. ತುಳಸಿಕಟ್ಟೆ, ಹೇಮಾವತಿ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಪಾಳು ಚರ್ಚಿನಂತೆ ಅರ್ಧ ಮುಳುಗಿ ನಿಂತಿತ್ತು. ಯಾವುದೋ ದೇಶದ ಕಬ್ಬಿಣದ ಪಟ್ಟಿಗಳು ಮೆಲ್ಲಗೆ ತೇಲಿಹೋಗುತ್ತಿದ್ದವು, ಒಂದರ ಮೇಲೂ ಇಸವಿ ಇರಲಿಲ್ಲ. ಅನುಶ್ರೀ ಎದೆಮಟ್ಟದ ನೀರಿನಲ್ಲಿ ನಿಂತು, ಕಿಟಕಿ ಇಲ್ಲಿ ಬರುತ್ತದೆ ಎಂದು ನಗುತ್ತಾ ತೋರಿಸುತ್ತಿದ್ದಳು. ಕನಸಿನಲ್ಲಿ ಹೆದರಿಕೆಯಾಗಲಿಲ್ಲ. ಎದ್ದ ಮೇಲೆ ಆಯಿತು.

ಅನುಶ್ರೀಗೆ ಎಲ್ಲವನ್ನೂ ಹೇಳಿದೆ. ಅವಳು ಒಬ್ಬಳೇ ಹೋಗಿ ಪಾಯದ ಮೇಲೆ ಕೂತು ಬಂದಳು.

ಹಬ್ಬದ ಬೆಳಗ್ಗೆ ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಗೋಡೆಯ ಮುಂದೆ ನಿಂತಳು. ನಾನು ಅವಳ ಸೊಂಟ ಬಳಸಿ ಎತ್ತಿಕೊಂಡೆ. ಒಂದು ಹೊರೆ ಒಣಹುಲ್ಲಿನಷ್ಟೂ ಭಾರವಿರಲಿಲ್ಲ. ಅಜ್ಜಿ ನಕ್ಕಳು.

"ಇನ್ನೊಸಿ ಎತ್ತು ಮಗ," ಎಂದಳು.

ಎತ್ತಿದೆ. ಅವಳ ಬೆರಳು ಗೂಡಿನ ಅಂಚು ಮುಟ್ಟಿತು.

ಅವಳನ್ನು ಇಳಿಸಿ, ಜೇಬಿನಿಂದ ಟೇಪು ತೆಗೆದು ಹೊಸ ಬೊಟ್ಟಿಗೆ ಹಿಡಿದೆ. ಟೇಪಿನ ಕೆಳತುದಿ ಗಾಳಿಗೆ ಅಲುಗುತ್ತಿತ್ತು. ಅನುಶ್ರೀ ಅಡುಗೆಮನೆಯಿಂದ ಬಂದು ಕುಕ್ಕರುಗಾಲಲ್ಲಿ ಕೂತು, ಅದನ್ನು ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿದಳು.

"ಸರಿಯಾಗಿ ನೋಡಿ ಬರ್ಕೊಳ್ಳಿ," ಎಂದಳು.